ಉಪ್ಪಿಲ್ಲದ ಬೆವರು

ಬಸ್ಸು ಕಣ್ಣೆದುರೇ ಹೊರಟುಹೋದರೂ ಓಡದ ಮನುಷ್ಯ ಅವನು. ಇನ್ನೊಂದು ಬರುತ್ತಲ್ಲ, ಅದರಲ್ಲಿ ಹೋದರಾಯಿತು, ಆಕಾಶವೇನು ಕಳಚಿ ಬೀಳುತ್ತದೆಯೇ ಎನ್ನುತ್ತಿದ್ದ. ನಲವತ್ತಮೂರು ವರ್ಷ, ತೊಂಬತ್ತಾರು ಕಿಲೋ, ಮದುವೆಯ ಗೊಡವೆಯಿಲ್ಲ. ಬೀದಿಯವರಿಗೆಲ್ಲ ಗುಂಡಣ್ಣ. ಅಕ್ಕನ ಜೊತೆ ಲಾಂಡ್ರಿ ಅಂಗಡಿ ನಡೆಸುತ್ತಿದ್ದ. ವಿಂಗಡಿಸಿ ಒಗೆಯುವುದು ಅಕ್ಕ, ನೀರು ಚಿಮುಕಿಸಿ ಇಸ್ತ್ರಿ ಹಾಕುವುದು ಇವನು.

ಇಂಥವನೂ ಓಡಬೇಕಾಗಿ ಬಂತು. ಅಕ್ಕನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಮೂರು ದಿನ ಆಸ್ಪತ್ರೆಯ ಯಂತ್ರಕ್ಕೆ ತೋಳೊಡ್ಡಿ ಮಲಗುತ್ತಿದ್ದಳು. ತಮ್ಮನ ಕಿಡ್ನಿ ಹೊಂದುತ್ತದೆ ಎಂದಾಗ ಮನೆಯಲ್ಲಿ ದೀಪ ಹಚ್ಚಿದಷ್ಟು ಬೆಳಕಾಯಿತು. ಆದರೆ ಡಾಕ್ಟರು ಅವನ ಹೊಟ್ಟೆ ನೋಡಿ, "ಹನ್ನೆರಡು ಕಿಲೋ ಇಳಿಸಿ. ನಾಲ್ಕು ತಿಂಗಳು ಟೈಮು. ಅದಕ್ಕಿಂತ ಜಾಸ್ತಿ ನಿಮ್ಮಕ್ಕನ ಹೃದಯ ತಡೆಯಲ್ಲ" ಎಂದರು. ಆಮೇಲೆ ಅವನೊಬ್ಬನನ್ನೇ ಒಳಗೆ ಕರೆದು, "ಮನಸ್ಸಿಲ್ಲದಿದ್ರೆ ಹೇಳಿಬಿಡಿ. ಇನ್ನೊಂದು ಪರೀಕ್ಷೇಲಿ ಹೊಂದಲಿಲ್ಲ ಅಂತ ನಾವೇ ಹೇಳ್ತೀವಿ" ಎಂದರು.

"ಛೆ ಛೆ, ಏನ್ ಮಾತು ಅಂತ ಆಡ್ತೀರಿ!" ಎಂದ. ಬಾಯಿ ಹಾಗೆ ಅಂದಿತು, ಕಣ್ಣು ಬಾಗಿಲು ಹುಡುಕುತ್ತಿತ್ತು. ಅವನು ಒಂಬತ್ತರ ಹುಡುಗನಾಗಿದ್ದಾಗ ಅಮ್ಮ ಸಣ್ಣ ಆಪರೇಷನ್ನು ಎಂದು ಆಸ್ಪತ್ರೆಗೆ ನಡೆದುಕೊಂಡು ಹೋಗಿದ್ದಳು. ವಾಪಸ್ಸು ಹೊತ್ತು ತಂದರು. ಆಗ ಹದಿನೇಳರ ಅಕ್ಕನೇ ಅವನಿಗೆ ತಾಯಿಯಾದಳು. ಅಂಥವಳಿಗೆ ಇಲ್ಲ ಎನ್ನಲು ನಾಲಗೆ ಏಳುತ್ತದೆಯೇ? ಹೂಂ ಎನ್ನಲು ಧೈರ್ಯವಾದರೂ ಎಲ್ಲಿತ್ತು, ಪಾಪ.

ಪಕ್ಕದ ಮನೆಯ ಡ್ರಿಲ್ ಮೇಷ್ಟ್ರು ರಿಟೈರಾಗಿ ಹತ್ತು ವರ್ಷವಾಗಿದ್ದರೂ ಕೊರಳಿನ ಸೀಟಿ ಬಿಚ್ಚಿರಲಿಲ್ಲ. ತಮ್ಮ ಹಳೇ ಶೂ ತಂದು ಅವನ ಮುಂದೆ ಕುಕ್ಕಿ, "ನಾಳೆ ಐದೂವರೆಗೆ ಮೈದಾನ. ನೆಪ ಹೇಳಿದ್ರೆ ಚರ್ಮ ಸುಲೀತೀನಿ" ಎಂದರು. ಮೂರು ದಿನ ಜೊತೆಯಲ್ಲೇ ಓಡಿಸಿದರು. ಒಂದು ಕಂಬದವರೆಗೆ ಓಟ, ಮುಂದಿನ ಕಂಬದವರೆಗೆ ನಡಿಗೆ. ಗುಂಡಣ್ಣನಿಗೆ ಹೊಟ್ಟೆಯೆಲ್ಲ ಬಾಯಿಗೆ ಬಂತು. ನಾಲ್ಕನೇ ದಿನ ಮೇಷ್ಟ್ರ ಮಂಡಿ ಊದಿಕೊಂಡಿತು. "ಸುತ್ತು ನೀನೇ ಹಾಕು, ನಾನು ಗೇಟಲ್ಲಿ ಕಾಯ್ತೀನಿ" ಎಂದರು.

ಮೈದಾನದ ಹಿಂದೆ ಪಂಪ್‌ಹೌಸ್ ಇತ್ತು, ಅದರ ಹಿಂದೆ ಗೇಟಿನಿಂದ ಕಾಣದ ಒಂದು ಕಟ್ಟೆ. ಗುಂಡಣ್ಣ ಅಲ್ಲಿ ಮುಕ್ಕಾಲು ಗಂಟೆ ಕೂತ. ಎದ್ದಾಗ ಅಂಗಿ ಒಣಗಿಯೇ ಇತ್ತು. ಇಪ್ಪತ್ತು ವರ್ಷ ಬಟ್ಟೆಗೆ ನೀರು ಚಿಮುಕಿಸಿದ ಕೈಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬಾಟಲಿಯ ನೀರು ಅಂಗೈಗೆ ಸುರಿದು ಬೆನ್ನಿಗೆ, ಕಂಕುಳಿಗೆ, ಕಾಲರಿಗೆ ಚಿಮುಕಿಸಿಕೊಂಡ.

"ಭಲೇ!" ಎಂದರು ಮೇಷ್ಟ್ರು. ಬ್ರೆಡ್ಡು ಮಾರುವವನು ಸೈಕಲ್ ನಿಲ್ಲಿಸಿ ಗಂಟೆ ಬಾರಿಸಿದ. ಅಕ್ಕ ಅಂಗಿ ಇಸಿದುಕೊಂಡು ಮೂಗಿನ ಹತ್ತಿರ ಹಿಡಿದಳು. ಅದು ಅವಳ ಕಸುಬಿನ ರೂಢಿ. ಯಾವ ಬಟ್ಟೆಗೆ ಎಷ್ಟು ಸೋಪು ಎಂದು ಮೂಗಿನಿಂದಲೇ ನಿರ್ಧರಿಸುವವಳು. "ಅಬ್ಬಬ್ಬಾ, ಏನು ನಾತ! ಎರಡು ಸಲ ಸೋಪು ಹಾಕ್ಬೇಕು" ಎಂದು ಬೀದಿಗೆ ಕೇಳುವಂತೆ ಅಂದಳು.

ಬಚಾವಾದೆ ಎಂದುಕೊಂಡ. ದಿನವೂ ಇದೇ ನಡೆಯಿತು. ಬೀದಿಯವರು ಹುರಿದುಂಬಿಸಿದಷ್ಟೂ ಅವನಿಗೆ ಊಟ ಹೆಚ್ಚು ಸೇರುತ್ತಿತ್ತು. ನಾಚಿಕೆಯಾದಾಗಲೂ ಹಸಿವಾಗುವ ಹೊಟ್ಟೆ ಅದು, ಏನು ಮಾಡುವುದು!

ತಿಂಗಳಾದ ಮೇಲೆ ಆಸ್ಪತ್ರೆಯ ತಕ್ಕಡಿ ತೊಂಬತ್ತಾರೂವರೆ ತೋರಿಸಿತು. ಮೇಷ್ಟ್ರು, "ಮಾಂಸಖಂಡ ಬಲಿತಿದೆ, ಅದಕ್ಕೇ" ಎಂದು ಪಾಪ ಅವರೇ ಸಮಾಧಾನ ಹೇಳಿದರು. ಅಕ್ಕ ಅಂಗಡಿಗೆ ಬಂದು ಬಾಗಿಲು ಅರ್ಧ ಮುಚ್ಚಿ, ಅವತ್ತಿನ ಬೆಳಗಿನ ಅಂಗಿಯನ್ನು ಇಸ್ತ್ರಿ ಮೇಜಿನ ಮೇಲೆ ಹರವಿದಳು. ಊದಿದ ಬೆರಳಿನಿಂದ ಬೆನ್ನಿನ ಭಾಗ ಸವರಿದಳು.

"ಬೆವರು ಒಣಗಿದ್ರೆ ಬಿಳಿ ಗೆರೆ ಉಳಿಯುತ್ತೆ ಕಣೋ. ಉಪ್ಪಿನ ಗೆರೆ. ಇಲ್ಲೆಲ್ಲಿದೆ?"

ಗುಂಡಣ್ಣ ಅಂಗಿಯನ್ನು ತನ್ನತ್ತ ಎಳೆದುಕೊಂಡ. "ಯಾವಾಗ ಗೊತ್ತಾಯ್ತು?"

"ನಾಲ್ಕನೇ ದಿನಾನೇ."

"ಮತ್ತೆ ನಾತ, ಸೋಪು ಅಂತ ಎಲ್ಲರ ಮುಂದೆ..."

"ಇನ್ನೇನು ಮಾಡ್ಲಿ? ನಾಲ್ಕು ಜನರ ಮುಂದೆ ನಿನ್ನ ಮಾನ ಕಳೀಲಾ?"

ಗುಂಡಣ್ಣ ಬಟ್ಟೆಗಂಟಿನ ಮೇಲೆ ಕುಸಿದು ಕೂತ. ಅವನಿಗೆ ಅವಳು ಬೈಯಬೇಕಿತ್ತು, ಕೆನ್ನೆಗೆ ಎರಡು ಬಿಗಿಯಬೇಕಿತ್ತು. "ನನ್ನನ್ನ ಯಾಕೆ ಕೇಳ್ಲಿಲ್ಲ ಅಕ್ಕಾ?"

"ಕೇಳಿದ್ರೆ ಓಡ್ತಿದ್ದೆ. ನನ್ನ ಮುಖಕ್ಕೆ ಹೆದರಿ ಓಡ್ತಿದ್ದೆ. ಅಮ್ಮನ್ನ ಹೊತ್ತು ತಂದಾಗ ನೀನು ಮಂಚದ ಕೆಳಗೆ ಸೇರ್ಕೊಂಡು ಎರಡು ದಿನ ಈಚೆಗೇ ಬರಲಿಲ್ಲ. ನಿನ್ನನ್ನ ಎಳೆದೋಳು ನಾನೇ ತಾನೆ? ಇನ್ನೊಂದು ಸಲ ಎಳೆಯೋ ಶಕ್ತಿ ನಂಗಿಲ್ಲಪ್ಪ. ನಾಳೆ ಡಾಕ್ಟರ ಕೈಲೇ ಹೊಂದಲಿಲ್ಲ ಅಂತ ಹೇಳ್ಸೋಣ. ನಾನೇನೂ ಅನ್ಕೊಳಲ್ಲ."

"ನಂಗೆ ಹೆದರಿಕೆ ಅಕ್ಕಾ," ಎಂದ ಅವನು. ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದ.

"ನಂಗೂ" ಎಂದಳು ಅಕ್ಕ. ಅವತ್ತು ಯಾರ ಬಟ್ಟೆಗೂ ಇಸ್ತ್ರಿಯಾಗಲಿಲ್ಲ.

ಮರುದಿನ ಗುಂಡಣ್ಣ ಬಾಟಲಿ ಒಯ್ಯಲಿಲ್ಲ. ಪಂಪ್‌ಹೌಸ್ ಹತ್ತಿರ ಕಾಲು ತಾನೇ ನಿಧಾನವಾಯಿತು. ಹಾಳಾದ ಕಟ್ಟೆ ಅಲ್ಲೇ ಇತ್ತು. ಅವನು ತಲೆ ತಗ್ಗಿಸಿ ಮುಂದಿನ ಕಂಬಕ್ಕೆ ಓಡಿದ, ಅಲ್ಲಿಂದ ಇನ್ನೊಂದಕ್ಕೆ. ಎರಡನೇ ಸುತ್ತಿನಲ್ಲಿ ಬೇಲಿ ಹಿಡಿದು ವಾಂತಿ ಮಾಡಿದ. ಹೆದರಿಕೆ ಹೋಗಿರಲಿಲ್ಲ, ಜೊತೆಯಲ್ಲೇ ಏದುಸಿರು ಬಿಡುತ್ತ ಬರುತ್ತಿತ್ತು. ಮೂರನೇ ಸುತ್ತಿಗೆ ಮೇಷ್ಟ್ರು ಕುಂಟುತ್ತ ಮೈದಾನದೊಳಕ್ಕೇ ಬಂದು ಸೀಟಿ ಊದಿದರು.

ಅಂಗಡಿ ತಲುಪುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿ ಒಣಗುತ್ತಿತ್ತು. ಬಿಚ್ಚಿ ಅಕ್ಕನ ಕೈಗೆ ಕೊಟ್ಟ. ಅವಳು ಮೂಗಿಗೆ ಹಿಡಿದಳು, ಆಮೇಲೆ ಬೆಳಕಿಗೆ ಹಿಡಿದಳು. ಬೆನ್ನಿನ ಉದ್ದಕ್ಕೂ ಬಿಳಿ ಗೆರೆ.

"ಏನಕ್ಕಾ, ಇವತ್ತೂ ಎರಡು ಸಲ ಸೋಪಾ?" ಎಂದು ಬ್ರೆಡ್ಡಿನವನು ಸೈಕಲ್ ಮೇಲಿಂದಲೇ ಕೂಗಿದ.

"ಸೋಪು ಯಾಕೆ? ಕಳ್ಳ, ನೀರು ಚಿಮುಕಿಸ್ಕೊಂಡು ಬಂದಿದಾನೆ!" ಎಂದಳು ಅಕ್ಕ. ಬ್ರೆಡ್ಡಿನವನು ಹೋ ಎಂದು ನಕ್ಕ. ಅವನ ನಗು ಇನ್ನೂ ಮುಗಿದಿರಲಿಲ್ಲ, ಅವಳು ಆ ಅಂಗಿಯಲ್ಲಿ ಮುಖ ಹುದುಗಿಸಿಕೊಂಡು ಬಿಕ್ಕಿ ಬಿಕ್ಕಿ ಅಳತೊಡಗಿದಳು.