ಹಿಂದಿನ ಗೋಡೆ ಹಾರಿ ಬರುವ ಮೊಮ್ಮಗಳು

ಹತ್ತು ವರ್ಷದಿಂದ ನನ್ನ ಮೊಮ್ಮಗಳು ರಲಿತ್ಸಾ ಮುಂದಿನ ಗೇಟಿನಿಂದ ಮನೆಗೆ ಬಂದಿದ್ದೇ ಇಲ್ಲ. ಕೋಳಿಗೂಡಿನ ಪಕ್ಕದ ಗೋಡೆ ಹತ್ತಿ ಬರ್ತಾಳೆ, ಹಾಗೇ ಹೋಗ್ತಾಳೆ. "ಏನೇ ಇದು, ಕಳ್ಳಿ ಥರ! ಮನೆಗೆ ಗೇಟಿಲ್ವಾ?" ಅಂತ ಬೈದಿದೀನಿ. ಅಕ್ಕಪಕ್ಕದವರು ನಕ್ಕರು, ನಾನೂ ನಕ್ಕೆ. ಯಾಕೆ ಅಂತ ಮಾತ್ರ ಒಂದು ದಿನವೂ ಕೇಳಲಿಲ್ಲ.

ನಾನು ಸ್ತೋಯ್ನಾ. ತಾಯಿಯಿಲ್ಲದ ಇಬ್ಬರು ಮೊಮ್ಮಕ್ಕಳನ್ನ ಸಾಕಿದವಳು. ಚಿಕ್ಕವನು ಕ್ರುಮ್ ಆರು ವರ್ಷಕ್ಕೇ ಊರ ಹೊಳೆಯಲ್ಲಿ ಮುಳುಗಿ ಹೋದ. ಜೊತೆಗಿದ್ದವಳು ರಲಿತ್ಸಾ, ಆಗ ಅವಳಿಗೆ ಒಂಬತ್ತು. ಪ್ರತಿ ಸೆಪ್ಟೆಂಬರಿನಲ್ಲಿ, ಅವನು ಹೋದ ತಿಂಗಳು, ಅವನ ಫೋಟೋ, ಹೆಸರು ಅಚ್ಚು ಹಾಕಿಸಿದ ಹಾಳೆಯನ್ನ ಗೇಟಿಗೆ ಅಂಟಿಸ್ತೀನಿ. ನಮ್ಮ ಬಲ್ಗೇರಿಯಾದಲ್ಲಿ ಸತ್ತವರ ನೆನಪಿಗೆ ಎಲ್ಲರೂ ಮಾಡೋದೇ; ಹಾಳೆ ಮುಂದಿನ ವರ್ಷದವರೆಗೂ ಅಲ್ಲೇ ಇರುತ್ತೆ. ಅಂಟಿಸದಿದ್ರೆ, "ಮರೆತೇಬಿಟ್ಳು ನೋಡು" ಅಂತಾರೆ ಜನ.

ಈ ಸಲ ಅಂಗಳದಲ್ಲಿ ಚಳಿಗಾಲಕ್ಕೆ ಕೂಡಿಡೋಕೆ ಅಂತ ಕೆಂಪು ದೊಣ್ಣೆಮೆಣಸಿನಕಾಯಿ ಸುಡ್ತಿದ್ದೆ. ಪಕ್ಕದ ಬೀದಿಯ ಹುಡುಗಿ ವಿಯೋಲೆತಾ ಬಂದು ಸಿಪ್ಪೆ ಸುಲಿಯೋಕೆ ಕೂತಳು.

"ಅಜ್ಜಿ, ಶನಿವಾರ ರಲಿತ್ಸಾನ ಪಟ್ಟಣದ ಲೈಬ್ರರಿಗೆ ಕರ್ಕೊಂಡು ಹೋಗ್ಲಾ? ಅಲ್ಲಿ ನಾವೊಂದು ಹತ್ತು ಜನ ಸೇರ್ತೀವಿ. ಚಿಕ್ಕ ವಯಸ್ಸಲ್ಲೇ ದೊಡ್ಡ ನೋವು ಉಂಡವರು."

"ಸೇರಿ ಏನ್ ಮಾಡ್ತೀರಿ?"

"ಮಾತಾಡ್ತೀವಿ."

"ಅಯ್ಯೋ, ಗೋಳು ಹೇಳ್ಕೊಳ್ಳೋಕೂ ಒಂದು ಸಂಘವಾ! ನಮ್ಮ ಕಾಲದಲ್ಲಿ ಬಾಯ್ಮುಚ್ಕೊಂಡು ಹೊಲಕ್ಕೆ ಹೋಗ್ತಿದ್ವಿ."

"ನಾನೂ ಎಂಟು ವರ್ಷ ಬಾಯ್ಮುಚ್ಕೊಂಡಿದ್ದೆ ಅಜ್ಜಿ. ಅಪ್ಪ ಕುಡಿದು ಬಂದಾಗ ಸೌದೆ ಹಿಂದೆ ಬಚ್ಚಿಟ್ಕೋತಿದ್ದೆ. ಅವನ ಕೂಗಾಟ ನಿಮಗೆಲ್ಲ ಕೇಳಿಸ್ತಿತ್ತು, ಅಲ್ವಾ?"

ಕೇಳಿಸ್ತಿತ್ತು. ನಾನು ತಲೆ ತಗ್ಗಿಸಿ ಬೆಂಕಿ ಕೆದಕಿದೆ.

"ಅಲ್ಲಿ ಒಬ್ಬ ಹುಡುಗ, 'ನಾನೂ ಬಚ್ಚಿಟ್ಕೋತಿದ್ದೆ' ಅಂದ. ಅಷ್ಟೇ. ಅವತ್ತು ಮನೆಗೆ ಬಂದು ಹೊಟ್ಟೆ ತುಂಬ ಊಟ ಮಾಡಿದೆ."

"ಹುಡುಗ್ರಿಗೆ ಹುಡುಗ್ರೇ ಡಾಕ್ಟ್ರಾ?"

"ಡಾಕ್ಟ್ರಲ್ಲ ಅಜ್ಜಿ, ಜೊತೆ. ಈ ಕೆಲಸ ಕಲಿತ ಆಪ್ತಸಮಾಲೋಚಕಿ ಒಬ್ಬರು ಯಾವಾಗ್ಲೂ ಇರ್ತಾರೆ. ತೀರಾ ಕಷ್ಟದಲ್ಲಿರೋರನ್ನ ಅವರೇ ಆಸ್ಪತ್ರೆಗೆ ಕರ್ಕೊಂಡು ಹೋಗ್ತಾರೆ. ಮಾತಾಡು ಅಂತ ಯಾರೂ ಒತ್ತಾಯ ಮಾಡಲ್ಲ. ಅಲ್ಲಿ ಆಡಿದ ಮಾತು ಹೊರಗೆ ಬರಲ್ಲ."

"ರಲಿತ್ಸಾಗೆ ಏನಾಗಿದೆ ಅಂತ ಇದೆಲ್ಲ? ಗೋಡೆ ಹಾರೋದು ಬಿಟ್ರೆ ಚೆನ್ನಾಗೇ ಇದಾಳೆ."

ವಿಯೋಲೆತಾ ಕೈ ನಿಲ್ಲಿಸಿದಳು. "ಗೇಟ್ ಮೇಲೆ ಏನಿದೆ ಅಜ್ಜಿ?"

ಎದ್ದು ಹೋಗಿ ನೋಡಿದೆ. ಫೋಟೋದಲ್ಲಿ ಕ್ರುಮ್ ನಗ್ತಿದ್ದ. ಆಗ ನೆನಪಾಯ್ತು. ಅವತ್ತು ಹೊಳೆ ದಡದಲ್ಲಿ, ಊರೆಲ್ಲ ನಿಂತಿರುವಾಗ, ನಾನು ಆ ಹುಡುಗಿಯ ರಟ್ಟೆ ಹಿಡಿದು ಅಲ್ಲಾಡಿಸಿದ್ದೆ. "ಅವನ ಕೈ ಯಾಕೆ ಬಿಟ್ಟೆ?" ಅಂತ ಕಿರುಚಿದ್ದೆ. ನಾನು ಮರೆತಿದ್ದೆ, ಅವಳು ಮರೆತಿರಲಿಲ್ಲ.

ಸಂಜೆ ಅವಳು ಗೋಡೆ ಇಳಿದು ಬರುವಾಗ ಕೋಳಿಗೂಡಿನ ಹತ್ತಿರವೇ ಕಾದಿದ್ದೆ. "ರಲಿತ್ಸಾ, ಅವತ್ತು ನಾನು ಹಾಗೆ ಅನ್ನಬಾರದಿತ್ತು ಕಣೇ. ಆಗ ನೀನೂ ಮಗುವೇ. ತಪ್ಪು ನಿಂದಲ್ಲ."

ಅವಳು ಗೋಡೆಗೆ ಒರಗಿ ನಿಂತಳು. "ಇಷ್ಟು ವರ್ಷ ಕಾದೆ ಅಜ್ಜಿ, ನೀನು ಇದೊಂದು ಮಾತು ಹೇಳ್ತೀಯ ಅಂತ." ಅವಳು ಅಳಲಿಲ್ಲ. ಅತ್ತವಳು ನಾನು.

ಈಗ ಶನಿವಾರ ಬಂದ್ರೆ ಅವಳು ವಿಯೋಲೆತಾ ಜೊತೆ ಹೊರಡ್ತಾಳೆ; ನಾನೇ ಅವಳ ಚೀಲಕ್ಕೆ ಹತ್ತು ಜನಕ್ಕಾಗುವಷ್ಟು ಬ್ರೆಡ್ಡು, ಚೀಸು ತುಂಬಿಸಿ ಕಳಿಸ್ತೀನಿ. ಅವಳನ್ನ ಕೇಳಿಯೇ ಗೇಟಿನ ಹಾಳೆಯನ್ನ ಕಿತ್ತು ಚರ್ಚಿನ ಗೋಡೆಗೆ ಅಂಟಿಸಿದೆ. ಜನ ಏನು ಬೇಕಾದ್ರೂ ಅಂದ್ಕೊಳ್ಳಲಿ. ಇನ್ನೂ ಒಂದೊಂದು ದಿನ ಅವಳು ಗೋಡೆ ಹಾರಿಯೇ ಬರ್ತಾಳೆ. ನಾನು ಬೈಯಲ್ಲ.

ನಿಮ್ಮನೇಲೂ ಇಂಥ ಮಗು ಇದೆಯಾ? ಯಾವುದೋ ದಾರೀಲಿ ಹೋಗೋದನ್ನೇ ತಪ್ಪಿಸುತ್ತೆ, ಯಾವುದೋ ಹೆಸರು ಕೇಳಿದ್ರೆ ಎದ್ದು ಹೋಗುತ್ತೆ? ನಗಬೇಡಿ. ಯಾಕೆ ಅಂತ ಮೆಲ್ಲಗೆ ಕೇಳಿ. ನಿಮ್ಮ ಹತ್ರ ಅದಕ್ಕೆ ಹೇಳೋಕಾಗದಿದ್ರೆ, ಅಂಥದ್ದೇ ನೋವು ಉಂಡ ಓರಗೆಯವರ ಜೊತೆ ಕೂರೋಕೆ ಬಿಡಿ. ಅಂಥ ಗುಂಪು ಎಲ್ಲಿದೆ ಅಂತ ಹತ್ತಿರದ ಆಪ್ತಸಮಾಲೋಚಕರನ್ನ ಇವತ್ತೇ ವಿಚಾರಿಸಿ. ನಾನು ಹತ್ತು ವರ್ಷ ತಡ ಮಾಡಿದೆ. ಅಷ್ಟರಲ್ಲಿ ನನ್ನ ರಲಿತ್ಸಾಳ ಬಾಲ್ಯವೇ ಮುಗಿದುಹೋಗಿತ್ತು.