ಹುಣಸೆಹಣ್ಣಿನಲ್ಲಿ ಬೆಳಗಿದ ಸ್ವಿಚ್ಚು

ನಮ್ಮ ಅತ್ತೆ ಮಹಾದೇವಮ್ಮನವರಿಗೆ ಹಿತ್ತಾಳೆ ಕಂಡರೆ ಕೈ ಸುಮ್ಮನಿರುತ್ತಿರಲಿಲ್ಲ. ಕೊಡ, ತಂಬಿಗೆ, ಬಾಗಿಲ ಚಿಲಕ, ಮಾವನವರ ಊರುಗೋಲಿನ ಹಿಡಿಕೆ, ಯಾವುದಾದರೂ ಸರಿ, ಹುಣಸೆಹಣ್ಣು ಹಚ್ಚಿ ಫಳಫಳ ಎನ್ನುವವರೆಗೆ ತಿಕ್ಕಬೇಕು. ಹೀಗಿರುವಾಗ ಮನೆಗೆ ಎಲೆಕ್ಟ್ರಿಕ್ ದೀಪ ಬಂತು. ದೀಪದ ಜೊತೆಗೆ ಹಿತ್ತಾಳೆ ಮುಚ್ಚಳದ ಐದು ಸ್ವಿಚ್ಚುಗಳೂ ಬಂದವು. ಆಮೇಲೆ ಕೇಳಬೇಕೆ?

ದೀಪ ಹಾಕಿಸಿದವರು ಮಾವ ಮರುಳಸಿದ್ದಪ್ಪನವರು. ದುರ್ಗದಲ್ಲಿ ಅವರದು ಹತ್ತಿ ಗಿರಣಿ. ಸಂಜೆ ಆರರಿಂದ ಹತ್ತರವರೆಗೆ ಗಿರಣಿಯ ಡೈನಮೋದಿಂದ ಪಕ್ಕದ ನಮ್ಮ ಮನೆಗೆ ಕರೆಂಟು ಬರುತ್ತಿತ್ತು, ಹಗಲು ಇಲ್ಲ. ತಂತಿ ಎಳೆದವನು ಗಿರಣಿಯ ಕೆಲಸದ ಜಂಪಣ್ಣ. ಬಿ.ದುರ್ಗವೆಂಬ ಹಳ್ಳಿಯ ಕುರಿ ಸಾಕುವ ಮನೆಯವನು, ಬೆಂಗಳೂರಿನಲ್ಲಿ ಮೂರು ವರ್ಷ ಇದ್ದು ಈ ವಿದ್ಯೆ ಕಲಿತು ಬಂದಿದ್ದ. ಪ್ರತಿ ಮುಚ್ಚಳದಿಂದ ಒಂದು ತಾಮ್ರದ ತಂತಿಯನ್ನು ಗೋಡೆಗುಂಟ ಇಳಿಸಿ, ಹಿತ್ತಲಲ್ಲಿ ಇದ್ದಿಲು, ಉಪ್ಪು ತುಂಬಿದ ಗುಂಡಿಗೆ ಸೇರಿಸಿದ್ದ.

"ಇದು ಅರ್ಥ್ ತಂತಿ ಅಕ್ಕಾರೆ. ಕರೆಂಟ್ ಎಲ್ಲಾದ್ರೂ ಹಿತ್ತಾಳೆಗೆ ತಾಕಿದ್ರೆ ಇದು ನೆಲಕ್ಕೆ ಇಳಿಸ್ತೈತೆ. ಇದಿಲ್ದಿದ್ರೆ ಮುಟ್ಟಿದೋರ ಮೈಯಾಗೆ ಇಳೀತೈತೆ" ಎಂದು ನನಗೆ ಹೇಳಿದ್ದ. ನಾನು ತಲೆಯಾಡಿಸಿದ್ದೆ. ಹೊಸ ಸೊಸೆ ಎಲ್ಲದಕ್ಕೂ ತಲೆಯಾಡಿಸುತ್ತಾಳೆ.

ಶಿವರಾತ್ರಿಯ ಹಿಂದಿನ ದಿನ ಅತ್ತೆ, "ಶಿವಗಂಗಾ, ಗ್ವಾಡೆ ಮೇಲೇ ತಿಕ್ಕಿದ್ರೆ ಅಂಚಿನಾಗೆ ಕಿಲುಬು ಉಳೀತೈತೆ. ಆ ಮುಚ್ಚಳಾನೆಲ್ಲ ಬಿಚ್ಚಿ ತಾರವ್ವ" ಎಂದರು. ಹಗಲು ಕರೆಂಟಿಲ್ಲ, ಭಯವೇನು? ಚೂರಿಯ ತುದಿಯಿಂದ ಐದನ್ನೂ ಬಿಚ್ಚಿದೆ. ಬೆಳಗಿ ತಿರುಗಿ ಹಾಕುವಾಗ ನಾಲ್ಕು ಸರಿಯಾಗಿ ಕೂತವು. ಬಚ್ಚಲಮನೆಯದರಲ್ಲಿ ಮಾತ್ರ ತಾಮ್ರದ ತಂತಿ ತಿರುಪಿನ ಕೆಳಗೆ ನಿಲ್ಲಲೊಲ್ಲದು. ಒಲೆಯ ಮೇಲೆ ಬೇಳೆ ಉಕ್ಕುತ್ತಿತ್ತು. ತಂತಿಯನ್ನು ಮಡಚಿ ಒಳಗೆ ತುರುಕಿ, ಮುಚ್ಚಳವನ್ನು ಒತ್ತಿ ಬಿಗಿದುಬಿಟ್ಟೆ. ದೀಪ ಹೊತ್ತಿದರಾಯಿತಲ್ಲ ಎಂದುಕೊಂಡೆ.

ಸಂಜೆ ಅತ್ತೆ ಕೈಕಾಲು ತೊಳೆದು ಒದ್ದೆ ಕೈಯಲ್ಲೇ ಆ ಸ್ವಿಚ್ಚು ಮುಟ್ಟಿದರು. ಬಿದ್ದ ಸದ್ದಿಗೆ ಓಡಿದೆ. ಬಚ್ಚಲ ಕಲ್ಲಿನ ಮೇಲೆ ಬಿದ್ದಿದ್ದರು, ಬೆರಳು ಸುಟ್ಟಿತ್ತು. ಉಸಿರಾಡುತ್ತಿದ್ದರು ಎಂಬುದೊಂದೇ ಸಮಾಧಾನ.

ಬೆಳಿಗ್ಗೆ ಅತ್ತೆ ಕೈಗೆ ಪಟ್ಟಿ ಕಟ್ಟಿಕೊಂಡು ಮಂಚದ ಮೇಲಿದ್ದರು. ಮಾವ ಜಂಪಣ್ಣನನ್ನು ಕರೆಸಿದರು.

"ನಿನ್ನ ನಂಬಿ ಮನಿಯೊಳಗೆ ಕರೆಂಟ್ ಬಿಟ್ಕಂಡೆ. ನನ್ನ ಹೆಂಡ್ತಿ ಜೀವನೇ ಹೋಗ್ತಿತ್ತು. ಇವತ್ತಿಂದ ಗಿರಣಿ ಕಡೆ ಬರಬ್ಯಾಡ."

"ಒಂದ್ಸಲ ನೋಡ್ತೀನಿ ಸಾವ್ಕಾರ್ರೆ" ಎಂದು ಜಂಪಣ್ಣ ಮುಚ್ಚಳ ಬಿಚ್ಚಿದ. ಕರೆಂಟಿನ ತಂತಿ ಜಜ್ಜಿ ಹಿತ್ತಾಳೆಗೆ ಅಂಟಿತ್ತು. ನಾನು ತುರುಕಿದ್ದ ಅರ್ಥ್ ತಂತಿ ಸಡಿಲವಾಗಿ ಹೊರಗೆ ಬಂತು. ತಿರುಪಿನ ತಲೆಗೆ ಹುಣಸೆಯ ನಾರು ಸಿಕ್ಕಿಕೊಂಡಿತ್ತು. ಅವನು ನಾರನ್ನು ನೋಡಿದ, ಬಾಗಿಲ ಹಿಂದೆ ನಿಂತಿದ್ದ ನನ್ನನ್ನೂ ನೋಡಿದ. ನಾರನ್ನು ಉಗುರಿನಿಂದ ತೆಗೆದು ಬಚ್ಚಲಿಗೆ ಹಾಕಿದ.

"ತಂತಿ ಬಿಗಿಯಾಗಿ ಕೂತಿಲ್ಲ. ತಪ್ಪಾಗೈತೆ ಸಾವ್ಕಾರ್ರೆ" ಎಂದ. ಯಾರ ತಪ್ಪು ಎನ್ನಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಅಂಗಳಕ್ಕೆ ಇಳಿದ.

ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಮದುವೆಯಾದ ಎಂಟು ತಿಂಗಳಲ್ಲಿ ಮಾವನವರ ಎದುರು ನಿಂತು ಒಂದು ಮಾತಾಡಿದವಳಲ್ಲ ನಾನು. ಅತ್ತೆಯನ್ನು ಕೊಲ್ಲಹೋದವಳು ಎಂಬ ಹೆಸರು ಹೊತ್ತು ಆ ಮನೆಯಲ್ಲಿ ಬಾಳುವುದು ಹೇಗೆ? ಆದರೆ ನನ್ನ ಹೆಸರು ಉಳಿಸಲು ಆ ಮನುಷ್ಯ ಮೂರು ವರ್ಷ ಕಲಿತ ಕೆಲಸ ಬಿಟ್ಟು ಹೋಗುತ್ತಿದ್ದ.

"ಮಾವ, ಅದನ್ನ ಬಿಚ್ಚಿದ್ದು ನಾನು" ಎಂದೆ. "ಬೆಳಗಾಕೆ ಅಂತ ಬಿಚ್ಚಿದ್ದೆ. ತಂತಿ ಕೂರ್ಲಿಲ್ಲ, ಒಳಗೆ ತುರುಕ್ದೆ. ಜಂಪಣ್ಣಂದು ಏನೂ ತಪ್ಪಿಲ್ಲ."

ಮಂಚದಿಂದ ಅತ್ತೆಯ ದನಿ ಬಂತು. "ಬಿಚ್ಚಿಸ್ದೋಳು ನಾನು. ಬೈಯೋದಿದ್ರೆ ಇಲ್ಲಿಗೆ ಬಂದು ಬೈರಿ."

ಮಾವ ಯಾರನ್ನೂ ಬೈಯಲಿಲ್ಲ. ಅಂಗಳದ ಕಡೆ ತಿರುಗಿ, "ಜಂಪಣ್ಣ, ಚೀಲ ಇಳಿಸಪ್ಪ. ಬಿಚ್ಚಾಕೆ ಬರ್ತೈತಂತೆ ಇವಳಿಗೆ, ಕಟ್ಟೋದನ್ನೂ ಕಲಿಸು" ಎಂದರು.

ಜಂಪಣ್ಣ ಜಜ್ಜಿದ ತಂತಿ ಬದಲಿಸಿ, ತಿರುಪುಳಿಯನ್ನು ನನ್ನ ಕೈಗೆ ಕೊಟ್ಟ. "ತಿರುಪು ತಿರುಗೋ ಕಡೀಗೇ ಅರ್ಥ್ ತಂತಿ ಸುತ್ರಿ. ಬಿಗೀರಿ. ಈಗ ಎಳೀರಿ." ಎಳೆದೆ, ಕಿತ್ತು ಬಂತು. ಎರಡನೆಯ ಸಲವೂ ಬಂತು. ಮೂರನೆಯ ಸಲ ಬರಲಿಲ್ಲ. "ಇನ್ನೊಂದ್ಸಲ ಎಳೀರಿ" ಎಂದ. ಆಗಲೂ ಬರಲಿಲ್ಲ. ಉಳಿದ ನಾಲ್ಕನ್ನೂ ಬಿಚ್ಚಿಸಿ, ಎಳೆಸಿ ನೋಡಿಯೇ ಹೋದ.

ಸಂಜೆ ಕರೆಂಟು ಬಂತು. ಬಚ್ಚಲ ಸ್ವಿಚ್ಚಿನ ಹತ್ತಿರ ಯಾರೂ ಸುಳಿಯಲಿಲ್ಲ. ನಾನೂ ಹೋಗಲಿಲ್ಲ, ನನ್ನ ಕೈಕೆಲಸದ ಮೇಲೆ ನನಗೇ ನಂಬಿಕೆಯಿರಲಿಲ್ಲ. ಅತ್ತೆ ಎದ್ದು ಬಂದರು. ಸೆರಗಿನಿಂದ ಕೈಯನ್ನು ಚೆನ್ನಾಗಿ ಒರೆಸಿಕೊಂಡರು.

"ಇದು ನೀನು ಬಿಗಿದಿದ್ದೇ ಏನೇ?"

"ಹೂಂ ಅತ್ತೆ."

ಪಟ್ಟಿ ಕಟ್ಟಿದ ಆ ಕೈಯನ್ನೇ ಎತ್ತಿ ಸ್ವಿಚ್ಚು ಹಾಕಿದರು. ಬಚ್ಚಲಮನೆ ಬೆಳಕಾಯಿತು. ನಾನು ತಡೆಯಲಾಗದೆ ಅತ್ತುಬಿಟ್ಟೆ. ಅತ್ತೆ ಮುಖ ಬಗ್ಗಿಸಿ ಹಿತ್ತಾಳೆಯನ್ನು ನೋಡಿದರು.

"ಮುಚ್ಚಳದ ತುಂಬ ನಿನ್ನ ಬೆರಳಿನ ಕಲೆ" ಎಂದರು. "ಇರ್ಲಿ ಬಿಡು."