ಬಾಯಿ ಜೋರು, ಕೆಲಸ ಬಂಗಾರ

"ಅಕ್ಕಾ, ಬೇಜಾರ್ ಮಾಡ್ಕೋಬೇಡಿ. ಬಂಗಾರಪೇಟೆ ಪಾಲಿಗೆ ನೀವು ಇಲ್ಲವೇ ಇಲ್ಲ" ಎಂದು ಚಿರಂಜೀವಿ ಫೋನನ್ನು ಮುನಿಲಕ್ಷ್ಮಿಯ ಮೂಗಿನ ಹತ್ತಿರ ಹಿಡಿದ.

ಇಲ್ಲವೇ ಇಲ್ಲದ ಆ ಹೆಂಗಸು ಅವನೆದುರಿಗೇ ಚಕ್ಕಂಬಕ್ಕಳ ಹಾಕಿ ಕೂತು, ಸುಟ್ಟ ಮೋಟರೊಂದರಿಂದ ಕರಕಲಾದ ತಂತಿಯನ್ನು ಕಿತ್ತು ತೆಗೆಯುತ್ತಿದ್ದಳು. "ಇಲ್ಲದೋಳ ಅಂಗಡೀಲಿ ಟೀ ಕುಡೀತಾ ಕುಂತಿದ್ದೀಯಲ್ಲೋ, ಲೋಟ ಕೆಳಗಿಡು ಮತ್ತೆ" ಎಂದಳು.

ಚಿರಂಜೀವಿ ಅವಳ ತವರಿನ ಕಡೆಯ ನೆಂಟ. ಬಂಗಾರಪೇಟೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡು, ಜೊತೆಗೆ ಊರಿನ ಅಂಗಡಿಗಳ ಹೆಸರನ್ನು ಗೂಗಲ್ ಹುಡುಕಾಟದಲ್ಲಿ ಮೇಲೆ ತರುವ ಕೆಲಸವನ್ನೂ ಮಾಡುತ್ತಿದ್ದ. ಅವನು ತೋರಿಸಿದ್ದು ಸುಳ್ಳಲ್ಲ. ಬಂಗಾರಪೇಟೆಯಲ್ಲಿ ನಿಂತು 'ಮೋಟರ್ ವೈಂಡಿಂಗ್' ಎಂದು ಹುಡುಕಿದರೆ, ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತಿಕೊಡುವ ನಂದಿದುರ್ಗದ ಮುನಿಲಕ್ಷ್ಮಿಯ ಅಂಗಡಿ ಹತ್ತೊಂಬತ್ತನೆಯದಾಗಿ ಬರುತ್ತಿತ್ತು. ಹದಿನೆಂಟನೆಯದು ಬಾಗಿಲು ಮುಚ್ಚಿ ಎರಡು ವರ್ಷವಾದ ಅಂಗಡಿ. ಮುಚ್ಚಿದ ಅಂಗಡಿಗಿಂತ ತಾನು ಕಡೆಯಾದೆನಲ್ಲ ಎಂದು ಅವಳು ತಂತಿಯನ್ನು ಇನ್ನಷ್ಟು ಜೋರಾಗಿ ಕಿತ್ತಳು.

ನಂದಿದುರ್ಗದ ಲೈನ್ ಮನೆಗಳಲ್ಲಿ, ಮುಚ್ಚಿದ ಚಿನ್ನದ ಗಣಿಯ ಆ ಸಾಲುಮನೆಗಳಲ್ಲಿ, ಈಗ ಕೆಲಸವಿಲ್ಲ. ಅರ್ಧ ಜನ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗುವವರು; ಮೋಟರ್ ಸುಟ್ಟರೆ ಬರುವಾಗ ಅಲ್ಲಿಂದಲೇ ಹೊಸದು ತಂದುಬಿಡುತ್ತಾರೆ. ಕೆಲಸವಿರುವುದು ಬಂಗಾರಪೇಟೆಯಲ್ಲಿ. ಅಲ್ಲಿನ ಚಾಟ್ಸ್ ಅಂಗಡಿಗಳ ಗ್ರೈಂಡರ್, ಲಾಡ್ಜುಗಳ ನೀರಿನ ಪಂಪು, ರಾಗಿ ಮಿಲ್ಲು, ಇವೆಲ್ಲ ದಿನಾ ಸುಡುತ್ತವೆ. ಆದರೆ ಅಲ್ಲಿಯವರು ಫೋನು ತೋರಿಸಿದ ಕಡೆ ಹೋಗುತ್ತಾರೆ.

ಅಂಗಡಿಯ ಕೋಣೆ ಗಂಡನ ಅಣ್ಣ ಮುನಿರಾಜನದು. "ಗಿರಾಕಿ ಬತ್ತಾರೇನೋ ಯುಗಾದಿವರೆಗೂ ನೋಡ್ತೀನಿ. ಆಮೇಲೆ ಮೊಬೈಲ್ ಅಂಗಡಿಗೆ ಕೊಡ್ತೀನಿ" ಎಂದು ಸಂಕ್ರಾಂತಿಯ ದಿನ ಎಳ್ಳುಬೆಲ್ಲ ಬಾಯಲ್ಲಿಟ್ಟುಕೊಂಡೇ ಹೇಳಿದ್ದ. ಒಳ್ಳೇ ಮಾತಾಡಬೇಕಾದ ಹಬ್ಬದಲ್ಲಿ ಆಡಿದ ಮಾತದು. ಬಾವನ ಎದುರು ಸೊಸೆಯಂದಿರು ತಲೆಯೆತ್ತಿ ಮಾತಾಡದ ಮನೆ. ಗಂಡ ಸೀನಪ್ಪನೋ, ಅಣ್ಣ ಕೆಮ್ಮಿದರೆ ಎದ್ದು ನಿಲ್ಲುವ ಆಸಾಮಿ. ಮುನಿಲಕ್ಷ್ಮಿ ಎಳ್ಳುಬೆಲ್ಲದ ತಟ್ಟೆ ಎತ್ತಿಕೊಂಡು ಒಳಗೆ ಹೋಗಿದ್ದಳು. ತವರೂರು ಕಾಮಸಮುದ್ರದಲ್ಲಿ ಅಪ್ಪನ ಪಕ್ಕ ಕೂತು ಹನ್ನೆರಡನೇ ವಯಸ್ಸಿಗೆ ಮೋಟರ್ ಸುತ್ತಲು ಕಲಿತ ಕೈ ಅವಳದು. ಆ ಕೈಗೆ ಯಾರೋ ಬೀಗ ಹಾಕುತ್ತಾರೆ ಎನ್ನುವುದನ್ನು ಅವಳಿಗೆ ಅರಗಿಸಿಕೊಳ್ಳಲಾಗಲಿಲ್ಲ.

ಚಿರಂಜೀವಿಯ ಹತ್ತಿರ ಮದ್ದಿತ್ತು. "ಬಂಗಾರಪೇಟೇಲಿ ಸೀರೆ ಅಂಗಡಿ ಮ್ಯಾಲೆ ಒಂದು ರೂಮೈತೆ ಅಕ್ಕಾ. ಒಂದಿನ ನಿಮ್ಮ ಬೋರ್ಡು ನೇತಾಕಿ ಫೋಟೋ ತೆಗ್ದು, ಅದೇ ನಿಮ್ಮಂಗಡಿ ಅಂತ ಆಕ್ಬಿಡಾಣ. ನಂದಿದುರ್ಗ ಅನ್ನೋ ಎಸ್ರೇ ಬ್ಯಾಡ, ದೂರ ಅಂತ ಯಾರೂ ಬರಲ್ಲ. ಐದೈದು ನಕ್ಷತ್ರದ ಹೊಗಳಿಕೆ ಐವತ್ತು, ನಾನೇ ಬರೆಸ್ತೀನಿ."

"ನನ್ನ ಮೋಟರ್ ನೋಡದೋರು ಏನಂತ ಬರೀತಾರ್ಲಾ?"

"ಅದೆಲ್ಲ ನಡೀತದೆ ಅಕ್ಕಾ. ಎಲ್ಲಾರೂ ಅಂಗೇ ಮಾಡೋದು."

"ಎಲ್ಲಾರೂ ತಾಮ್ರ ಅಂತ ಏಳಿ ಅಲ್ಯೂಮಿನಿಯಂ ಸುತ್ತುತಾರೆ, ನಾನು ಸುತ್ತಿದ್ದೀನಾ? ನಾನಿರೋದು ನಂದಿದುರ್ಗ. ಇಲ್ಲೇ ಇದ್ದು ಅಲ್ಲಿ ಮ್ಯಾಕೆ ಬತ್ತೀನಿ. ಅದಕ್ಕೇನು ದಾರಿ, ಅದನ್ನ ಏಳು."

ಚಿರಂಜೀವಿ ತಲೆ ಕೆರೆದುಕೊಂಡ. ನಿಜವಾದ ದಾರಿ ಕಷ್ಟ ಎಂದ. ಬಂಗಾರಪೇಟೆಯ ಗಿರಾಕಿಗಳೇ ಬರೆಯಬೇಕು, ಊರಿನ ಹೆಸರು ಬರೆಯಬೇಕು, ಫೋಟೋ ಹಾಕಬೇಕು, ಪ್ರತಿಯೊಂದಕ್ಕೂ ಇವಳು ಉತ್ತರ ಕೊಡಬೇಕು. ಗಿರಾಕಿಗಳೇ ಇಲ್ಲದ ಮೇಲೆ ಬರೆಯುವವರು ಯಾರು?

ಮಾರನೆಯ ಬೆಳಿಗ್ಗೆ ಮುನಿಲಕ್ಷ್ಮಿ ಊರಿಗಾಂ ಸ್ಟೇಷನ್ನಿನಲ್ಲಿ ರೈಲು ಹತ್ತಿ ಬಂಗಾರಪೇಟೆಯಲ್ಲಿ ಇಳಿದಳು. ಬಗಲಲ್ಲಿ ಖಾಲಿ ಗೋಣಿಚೀಲ. ಅಂಗಡಿಯಿಂದ ಅಂಗಡಿಗೆ ಹತ್ತಿ ಇಳಿದಳು. "ಸುಟ್ಟಿರೋದು ಇದ್ರೆ ಕೊಡಿ, ಮೂರು ದಿನಕ್ಕೆ ತಂದ್ಕೊಡ್ತೀನಿ. ಓಡಿದ್ರೆ ಕಾಸು, ಓಡದಿದ್ರೆ ಬ್ಯಾಡ." ಕೆಲವರು ನಕ್ಕರು. ಒಬ್ಬ, ಹೆಂಗಸರು ಮೋಟರ್ ಸುತ್ತುತ್ತಾರಾ ಎಂದ. "ಹೆಂಗಸರು ಬಸಿರಲ್ಲಿ ನಿನ್ನೇ ಸುತ್ಕೊಂಡು ತಿರುಗಿರೋರು, ಮೋಟರ್ ಯಾವ ಲೆಕ್ಕ" ಎಂದು ಮುಂದೆ ನಡೆದಳು.

ಮೊದಲು ನಂಬಿದವಳು ಚಾಟ್ಸ್ ಅಂಗಡಿಯ ವೆಂಕಟರತ್ನಮ್ಮ. ಪಾನಿಪುರಿಯ ಖಾರ ರುಬ್ಬುವ ಅವಳ ಗ್ರೈಂಡರು ಅದೇ ದಿನ ಹೊಗೆ ಕಾರಿ ನಿಂತಿತ್ತು. ಮೂರನೆಯ ದಿನ ಮೋಟರು ಗೋಣಿಚೀಲದಲ್ಲಿ ವಾಪಸು ಬಂತು, ಜೊತೆಗೆ ಕಾಗದದ ಪೊಟ್ಟಣದಲ್ಲಿ ಕಿತ್ತ ಹಳೇ ತಂತಿಯೂ ಬಂತು. ಬೇರೆಯವರು ಆ ತಾಮ್ರವನ್ನು ಗುಜರಿಗೆ ಹಾಕಿಕೊಳ್ಳುತ್ತಾರೆ. ಮುನಿಲಕ್ಷ್ಮಿ ಅಪ್ಪನ ಕಾಲದಿಂದಲೂ ತಿರುಗಿ ಕೊಡುವವಳು, ಕೊಟ್ಟು ತೂಕ ನೋಡಿಕೊಳ್ಳಿ ಎನ್ನುವವಳು. ಗ್ರೈಂಡರು ತಿರುಗಿತು. "ದುಡ್ಡಿನ ಜೊತೆ ಫೋನಲ್ಲಿ ಎರಡು ಸಾಲು ಬರೀರಿ, ಊರಿನ ಎಸ್ರು ಆಕಿ" ಎಂದು ಕೇಳಿಕೊಂಡಳು.

ವೆಂಕಟರತ್ನಮ್ಮ ಬರೆದಳು. ಅವಳು ಕಳಿಸಿದ ಕಡೆಗೆಲ್ಲ ಮುನಿಲಕ್ಷ್ಮಿ ಹೋದಳು, ಆ ಬೀದಿಯವರೂ ಬರೆದರು. ಎರಡು ತಿಂಗಳಲ್ಲಿ ಇಪ್ಪತ್ತಾರು ಜನ. ಕೆಲಸದ ಗದ್ದಲದಲ್ಲಿ ಅವರು ಬರೆದದ್ದನ್ನು ಅವಳು ತೆರೆದು ನೋಡಿರಲಿಲ್ಲ. ಆಮೇಲೆ ಒಂದು ದಿನ ಚಿರಂಜೀವಿ ಫೋನು ಮಾಡಿ ಬಾಯಿ ಬಡಿದುಕೊಂಡ.

"ಅಕ್ಕಾ, ಯಾರೋ ನಿಮ್ಮ ಮ್ಯಾಲೆ ಹಗೆ ಸಾಧಿಸ್ತಾವ್ರೆ! ಒಬ್ರೂ ಐದು ನಕ್ಷತ್ರ ಕೊಟ್ಟಿಲ್ಲ, ಎಲ್ಲಾ ನಾಲ್ಕೇ. ಕೇಳಿ. 'ಬಂಗಾರಪೇಟೆಗೇ ಬಂದು ಮಾಡಿಕೊಟ್ಟಳು. ಕೆಲಸ ಬಂಗಾರ, ಬಾಯಿ ಜೋರು.' 'ಮೋಟರ್ ಚೆನ್ನಾಗಿದೆ, ಮತ್ತೆ ಇವಳಿಗೇ ಕೊಡ್ತೀವಿ. ಆದರೆ ಹಳೇ ತಂತಿ ತೂಕ ನೋಡು ಅಂತ ಪ್ರಾಣ ತಿಂತಾಳೆ.' 'ಮೋಟರ್ ಗೋಣಿಚೀಲದಲ್ಲಿ ತರ್ತಾಳೆ, ಮರ್ಯಾದೆ ಇಲ್ಲ.' ನಾನು ದೂರು ಕೊಟ್ಟು ತೆಗೆಸ್ಲಾ?"

ಮುನಿಲಕ್ಷ್ಮಿಗೆ ಉರಿದುಹೋಯಿತು. ಅನ್ನ ಇಟ್ಟ ಕೈಯೇ ಕೆನ್ನೆಗೆ ಹೊಡೆದಂತಾಯಿತು. ಮುಂದಿನ ರೈಲಿಗೇ ಹೋಗಿ ಚಾಟ್ಸ್ ಅಂಗಡಿಯ ಮುಂದೆ ನಿಂತಳು. "ನಾನು ನಿಮಗೇನು ಅನ್ಯಾಯ ಮಾಡಿದ್ದೆ ವೆಂಕಟರತ್ನಮ್ಮ? ಒಂದು ನಕ್ಷತ್ರ ಯಾಕೆ ಕಿತ್ಕೊಂಡ್ರಿ?"

"ಅಬ್ಬಾ, ಏಮಿ ಕೋಪಮಮ್ಮಾ!" ಎಂದು ವೆಂಕಟರತ್ನಮ್ಮ ಸೌಟು ಕೆಳಗಿಟ್ಟಳು. "ಕಿತ್ಕೊಂಡಿಲ್ಲ ಕಣಮ್ಮಾ, ದಿಷ್ಟಿ ಬೊಟ್ಟು ಇಟ್ಟಿದ್ದೀನಿ. ಚೆಂದದ ಕೂಸನ್ನ ಕೆನ್ನೆಗೆ ಕಪ್ಪು ಹಚ್ಚದೆ ಬೀದಿಗೆ ಬಿಡ್ತಾರಾ? ಐದಕ್ಕೈದು ಕೊಟ್ಟು ಹೊಗಳಿ ಇಟ್ರೆ ಊರೋರ ದಿಷ್ಟಿಯೆಲ್ಲಾ ನಿನ್ನ ಕೈಗೇ ತಾಕೋದು. ಅದಕ್ಕೇ ಎಲ್ಲಾರ್ಗೂ ಏಳ್ದೆ, ಒಂದು ನಕ್ಷತ್ರ ಬಿಡಿ, ಒಂದು ತಪ್ಪು ಬರೀರಿ ಅಂತ."

ಮುನಿಲಕ್ಷ್ಮಿ ಅಲ್ಲೇ ಬೆಂಚಿನ ಮೇಲೆ ಕೂತಳು. ಅವಳ ಕೈಯನ್ನು ಬೇರೆಯವರು ಇಷ್ಟು ಜೋಪಾನ ಮಾಡಿದ್ದು ಇದೇ ಮೊದಲು. ಸೆರಗಿನಿಂದ ಮುಖ ಒರೆಸಿಕೊಂಡು, ಕೊಟ್ಟ ಪಾನಿಪುರಿಯನ್ನು ಅಳುತ್ತ ನಗುತ್ತ ತಿಂದಳು. ಖಾರ ನೆತ್ತಿಗೇರಿತು.

"ತೆಗೆಸಬ್ಯಾಡ" ಎಂದು ಅಲ್ಲಿಂದಲೇ ಚಿರಂಜೀವಿಗೆ ಫೋನು ಮಾಡಿದಳು. "ಒಂದಕ್ಷರ ಮುಟ್ಟಿದ್ರೆ ನಿನ್ನ ಕೈ ಮುರೀತೀನಿ."

"ಅಕ್ಕಾ, ಐದಿದ್ದೋರ ಮುಂದೆ ನಾಲ್ಕು ಯಾವ ಮೂಲೆಗೆ?"

"ಯಾವ ಮೂಲೆಗಾದ್ರೂ ಸರಿ. ನಂದೇ ಮೂಲೆ."

ಆ ಸಂಜೆ ಕೂತು ಒಂದೊಂದಕ್ಕೂ ತಾನೇ ಉತ್ತರ ಬರೆದಳು. 'ಹೌದು, ಬಾಯಿ ಜೋರು. ಮೋಟರ್ ಸದ್ದಿನಲ್ಲಿ ಮೆತ್ತಗೆ ಮಾತಾಡಿದರೆ ನಿಮಗೆ ಕೇಳುತ್ತಾ?' 'ತೂಕ ನೋಡು ಅಂತೀನಿ, ಮುಂದಿನ ಸಲವೂ ಅಂತೀನಿ.' 'ಗೋಣಿಚೀಲ ಒಗೆದಿದ್ದೀನಿ. ಮೋಟರಿಗೆ ರೇಷ್ಮೆ ಉಡಿಸಲ್ಲ.' ಕೊನೆಗೆ ಎಲ್ಲದರ ಕೆಳಗೂ ನಂದಿದುರ್ಗ ಎಂದು ಊರು ಬರೆದಳು.

ಯುಗಾದಿಗೆ ನಾಲ್ಕು ದಿನವಿತ್ತು. ಮುನಿರಾಜ ಅಳತೆ ಟೇಪು ಹಿಡಿದು ಬಂದ. "ಗಾಜಿನ ಬೀರು ಇಲ್ಲಿಂದ ಇಲ್ಲೀಗಂಟ" ಎಂದು ತನಗೆ ತಾನೇ ಹೇಳಿಕೊಳ್ಳುತ್ತ, ಅವಳು ಕೂತಿದ್ದ ಜಾಗದ ಮೇಲೇ ಟೇಪು ಎಳೆದ. ಅವಳು ಜರುಗಲಿಲ್ಲ. ಅವನು ಅವಳ ಮಂಡಿಯನ್ನು ಸುತ್ತಿ ಅಳೆಯಬೇಕಾಯಿತು.

ಅಷ್ಟರಲ್ಲಿ ಗೂಡ್ಸ್ ಆಟೋ ಒಂದು ಬಂದು ನಿಂತಿತು. ಹಿಂದೆ ಹಗ್ಗ ಬಿಗಿದ ದೊಡ್ಡ ಮೋಟರು. ಇಳಿದವನು ಬಂಗಾರಪೇಟೆಯ ರಾಗಿ ಮಿಲ್ಲಿನ ಜಯರಾಮಪ್ಪ.

"ಬಾಯಿ ಜೋರು ಅಂತ ಬರ್ದವ್ರಲ್ಲ, ಅದು ನೀವೇನಾ?"

"ನಾನೇ. ಯಾಕೆ?"

"ಮೊದಲ್ನೇ ಎಸ್ರು ಹುಡುಕ್ಕೊಂಡು ಓಗಿದ್ದೆ ಕಣಮ್ಮಾ. ಐದಕ್ಕೈದು ನಕ್ಷತ್ರ. ಓಗಿ ನೋಡಿದ್ರೆ ಸೀರೆ ಅಂಗಡಿ ಮ್ಯಾಲೊಂದು ರೂಮು, ಬೀಗ. ಎರಡನೇದಕ್ಕೆ ಫೋನೇ ಎತ್ತಲ್ಲ. ಮೂರನೇದು ನಿಮ್ದು. ಬೈದಿರೋರೆಲ್ಲಾ ಮತ್ತೆ ಇವಳಿಗೇ ಕೊಡ್ತೀವಿ ಅಂತ ಬರ್ದವ್ರೆ. ಬೈಕೊಂಡೂ ಮತ್ತೆ ಬತ್ತಾರೆ ಅಂದ್ರೆ ಕೆಲ್ಸ ಗಟ್ಟಿ ಇರ್ಬೇಕು ಅಂತ ಸೀದಾ ಬಂದೆ."

ಹತ್ತೊಂಬತ್ತು ಹೋಗಿ ಮೂರಾಗಿತ್ತು. ಆ ಸೀರೆ ಅಂಗಡಿಯ ಮೇಲಿನ ರೂಮನ್ನು ಚಿರಂಜೀವಿ ಇನ್ಯಾರಿಗೋ ದಾಟಿಸಿದ್ದಾನೆ ಎಂದು ಮುನಿಲಕ್ಷ್ಮಿಗೆ ತಿಳಿದುಹೋಯಿತು. ಅವನಿಗೆ ಆಮೇಲೆ ಇದೆ ಎಂದುಕೊಂಡಳು. ಸೊಂಟಕ್ಕೆ ಸೆರಗು ಸಿಕ್ಕಿಸಿ ಆಟೋದ ಹಿಂದೆ ಹೋಗಿ ಹಗ್ಗ ಬಿಚ್ಚಿದಳು. ಮೋಟರು ಒಬ್ಬರ ಭಾರವಲ್ಲ. ಆಟೋದವನಿಗೆ ಬೆನ್ನುನೋವಂತೆ, ಜಯರಾಮಪ್ಪನಿಗೆ ಎಪ್ಪತ್ತು ದಾಟಿತ್ತು.

ಮದುವೆಯಾಗಿ ಬಂದು ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅವಳು ಮುನಿರಾಜನ ಮುಖ ನೋಡಿ, ಬೀದಿಗೆಲ್ಲ ಕೇಳುವಂತೆ ಕೂಗಿದಳು.

"ಬಾವಾ, ಟೇಪು ಜೋಬಲ್ಲಿಟ್ಟು ಇಲ್ಲಿ ಬನ್ನಿ. ಆ ಕಡೆ ಇಡ್ಕಳಿ, ಭಾರ ಐತೆ."

ಮುನಿರಾಜ ಗುಂಡಿ ಒತ್ತಿದ. ಟೇಪು ಸುರ್ರನೆ ತನ್ನ ಡಬ್ಬಿಯೊಳಗೆ ಸರಿಯಿತು. ಅವನು ಬಂದು ಬಗ್ಗಿ ಆ ಕಡೆ ಹಿಡಿದ.